ಅಕ್ಕ ಅನ್ನದವನು

"ನನ್ನ ಪ್ಲೇಟ್‌ಗಳ ಮೇಲಿನ ಚೀಟಿ ಕಿತ್ತಿದ್ದು ಯಾರು?!"

ಪ್ರಯೋಗಾಲಯದಲ್ಲಿ ಎಲ್ಲರೂ ತಲೆ ತಗ್ಗಿಸಿದರು. ಕಿಟಕಿ ಪಕ್ಕದ ಮೇಜಿನವನು ಮಾತ್ರ ಎತ್ತಿದ.

"ನಾನೇ."

ಮೂರು ತಿಂಗಳ ಹಿಂದೆ ಬಂದ ಲೆಕ್ಕದವನು. ಎಲ್ಲರ ಪ್ರಯೋಗದ ಅಂಕಿ ತಾಳೆ ನೋಡುವುದು ಅವನ ಕೆಲಸ.

ಕೂಗಿದವಳು ಈಸ್ಟ್ ಅಕ್ಕ. ಈಸ್ಟ್ ಎಂಬ ಸೂಕ್ಷ್ಮಜೀವಿ ಬೆಳೆಸಿ, ಔಷಧಿ ಕೊಟ್ಟು, ಅದು ಪ್ಲಾಸ್ಟಿಕ್ ಪ್ಲೇಟಿಗೆ ಎಷ್ಟು ಅಂಟುತ್ತದೆಂದು ನೋಡುತ್ತ ಎರಡು ವರ್ಷ ಕಳೆದವಳು. ಗಾಜು ತೊಳೆಯುವವರಿಂದ ಹಿಡಿದು ಎಲ್ಲರಿಗೂ ಅಕ್ಕ. ಇವನೊಬ್ಬ ಒಂದು ದಿನವೂ ಹಾಗೆ ಕರೆದವನಲ್ಲ. ಮರ್ಯಾದೆ ಗೊತ್ತಿಲ್ಲದ ಮನುಷ್ಯ ಎಂದು ಅವಳು ಎಂದೋ ತೀರ್ಮಾನಿಸಿಯಾಗಿತ್ತು.

"ನಾಳೆ ಹೆಡ್ ಮೇಡಂಗೆ ಫಲಿತಾಂಶ ತೋರಿಸ್ಬೇಕು! ಔಷಧಿ ಹಾಕಿದ್ದು ಯಾವ್ದು, ಹಾಕದೇ ಇರೋದು ಯಾವ್ದು ಅಂತ ಹೇಗೆ ಗೊತ್ತಾಗ್ಬೇಕು?"

"ಗೊತ್ತಾಗ್ಬಾರ್ದು ಅಂತಾನೇ ಕಿತ್ತೆ. ಬರೀ ನಂಬರ್ ಹಾಕಿದೀನಿ. ಯಾವ ನಂಬರ್ ಯಾವ್ದು ಅನ್ನೋ ಪಟ್ಟಿ ನನ್ನ ಹತ್ರ ಇದೆ."

"ಅಂದ್ರೆ... ನಾನು ಮೋಸ ಮಾಡ್ತೀನಿ ಅಂತಾನಾ?"

"ನೀವಲ್ಲ, ನಿಮ್ಮ ಕೈ. ಔಷಧಿ ಹಾಕದ ಪ್ಲೇಟನ್ನ ಮೆಲ್ಲಗೆ ತೊಳೀತೀರ. ಹಾಕಿದ್ದು ಬಂದ್ರೆ ಬಟ್ಟೆ ಒಗೆದ ಹಾಗೆ ನೀರು ಬಿಡ್ತೀರ. ಈಸ್ಟ್ ಬಿಡಿಸ್ತಿರೋದು ಔಷಧಿನೋ, ನೀವೋ?"

ಅವಳ ಕಣ್ಣು ತುಂಬಿತು. ಸಿಟ್ಟಿಗೆ ಎಂದುಕೊಂಡಳು. ಸಿಟ್ಟಲ್ಲ, ಭಯ.

'ಇವನು ಹೇಳಿದ್ದೇ ನಿಜವಾದರೆ? ಔಷಧಿ ಕೆಲಸವನ್ನೇ ಮಾಡದಿದ್ದರೆ? ಎರಡು ವರ್ಷ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗೆ...'

ಆದರೂ ತೊಳೆದಳು. ಎಲ್ಲಕ್ಕೂ ಒಂದೇ ಅಳತೆ ನೀರು, ಒಂದೇ ಕೈ. ಆಮೇಲೆ ನೇರಳೆ ಬಣ್ಣ ಹಾಕಿದಳು. ಈಸ್ಟ್ ಅಂಟಿ ಉಳಿದ ಕಡೆ ಬಣ್ಣ ನಿಲ್ಲುತ್ತದೆ, ಇಲ್ಲದ ಕಡೆ ಹೋಗುತ್ತದೆ.

ಅವನು ಪಟ್ಟಿ ಬಿಚ್ಚಿದ.

"ಅಂಟೋಕೆ ಮುಂಚೆನೇ ಔಷಧಿ ಕೊಟ್ಟಿದ್ರಲ್ಲಿ ಬಣ್ಣ ಅರ್ಧಕ್ಕರ್ಧ ಕಮ್ಮಿ. ಈಸ್ಟ್ ಅಂಟಿ ಪದರ ಕಟ್ಟಿದ ಮೇಲೆ ಕೊಟ್ಟಿದ್ರಲ್ಲಿ... ಏನೂ ವ್ಯತ್ಯಾಸ ಇಲ್ಲ."

ಅರ್ಧ ಗೆಲುವು. ಆದರೆ ಯಾರು ಬಂದು ತೊಳೆದರೂ ಹೋಗದ ಗೆಲುವು.

ಮರುದಿನ ಮೇಡಂ ಎರಡು ಸಲ ನೋಡಿ, "ಇದನ್ನ ಬರಿ" ಎಂದರು. ಅವರ ಬಾಯಲ್ಲಿ ಅದೇ ದೊಡ್ಡ ಹೊಗಳಿಕೆ.

ಅವನು ಸಿಂಕಿನ ಹತ್ತಿರ ಕೈ ತೊಳೆಯುತ್ತಿದ್ದ. ಅವಳು ಪಕ್ಕದಲ್ಲಿ ಬಂದು ನಿಂತಳು.

"ನನ್ನ ಕೈ ಯಾವ ಪ್ಲೇಟಿಗೆ ಹೇಗಾಡುತ್ತೆ ಅಂತ ನನಗೇ ಗೊತ್ತಿರ್ಲಿಲ್ಲ. ನಿಮಗೆ ಹೇಗೆ ಗೊತ್ತಾಯ್ತು?"

"ಮೂರು ತಿಂಗಳಿಂದ ನೋಡ್ತಿದೀನಲ್ಲ."

ಅವಳ ಎದೆ ಒಮ್ಮೆ ಲೆಕ್ಕ ತಪ್ಪಿತು.

"ಮತ್ತೆ... ಎಲ್ರೂ ಅಕ್ಕ ಅಂತಾರೆ. ನಿಮಗೆ ಮಾತ್ರ ಯಾಕೆ ಬಾಯಿ ಬರಲ್ಲ?"

ಅಂಕಿಗೆ ಎಂದೂ ತಡವರಿಸದವನು ಈಗ ತಡವರಿಸಿದ. ಕಿವಿ ಕೆಂಪಾದವು.

"ಒಂದ್ಸಲ ಅಕ್ಕ ಅಂದ್ರೆ ಅಂಟ್ಕೊಂಡ್ಬಿಡುತ್ತೆ. ಪದರ ಕಟ್ಟಿದ ಮೇಲೆ ಯಾವ ಔಷಧಿನೂ ನಾಟಲ್ಲ... ನೀವೇ ತೋರಿಸಿದ್ರಲ್ಲ."

ನಲ್ಲಿ ಸುಮ್ಮನೆ ಹರಿಯುತ್ತಿತ್ತು. ಅವಳೇ ನಿಲ್ಲಿಸಿದಳು.

"ಹಾಗಾದ್ರೆ ಏನಂತ ಕರೀಲಿ?" ಅವನು ಮೆಲ್ಲಗೆ ಕೇಳಿದ.

"'ನೀನು' ಅಂದ್ರೆ ಸಾಕು ಕಣೋ."

"ಕಣೋ ಅಂದ್ರಾ?!"

"ಅಂದಾಯ್ತು. ಇನ್ನು ಯಾವ ಔಷಧಿನೂ ನಾಟಲ್ಲ."