ಭುಜ ತಟ್ಟಿದರೆ ವಿಮಾನ ನನ್ನದು

"ಬೇಗ ಬಂದ್ರಿ," ಅಂದ ಅವನು, ಎಂಜಿನ್ನಿನ ಮೇಲೆ ಬಗ್ಗಿದ್ದ ತಲೆ ಎತ್ತದೆ.

ಅವಳು ಹಾರಾಟದ ಪಾಠ ಅರ್ಧಕ್ಕೆ ಬಿಟ್ಟು ಹೋಗಿ ಹತ್ತು ವರ್ಷದ ಮೇಲಾಗಿತ್ತು. ಕಾರಿನಲ್ಲಿ ಬರುವಾಗ ಜೋಡಿಸಿಕೊಂಡಿದ್ದ ಮಾತುಗಳೆಲ್ಲ ಈ ಒಂದು ಮಾತಿಗೆ ಚೆಲ್ಲಾಪಿಲ್ಲಿಯಾದವು.

"ದಾರೀಲಿ ಟ್ರಾಫಿಕ್ ಇತ್ತು," ಅಂದಳು.

ಆಗ ಅವನು ತಲೆ ಎತ್ತಿದ. ಕಿವಿಯ ಮೇಲೆ ಒಂದಿಷ್ಟು ನರೆ, ಮೂಗಿನ ಮೇಲೆ ಗ್ರೀಸು. ನಗು ಬಂದರೂ ತುಟಿಯ ಒಂದು ಕೊನೆಯನ್ನಷ್ಟೇ ಬಿಟ್ಟುಕೊಡುವ ಹಳೆಯ ಜಿಪುಣತನ ಹಾಗೇ ಇತ್ತು. ಅವಳು ಹಲ್ಲಿನ ಡಾಕ್ಟರು. ದಿನವಿಡೀ ಊರಿನವರ ಬಾಯಿ ನೋಡುವುದೇ ಕಸುಬು. ಈ ಬಾಯಿಯ ಮುಂದೆ ಮಾತ್ರ ಕಣ್ಣು ತಗ್ಗಿಸಿದಳು.

ಮೈದಾನದವರಿಗೆಲ್ಲ ಅವನು ಮೇಷ್ಟ್ರು. ವಿಮಾನ ಹಾರಿಸಲು ಕಲಿಸುವವನು. ಹಾರಲು ಬಂದವರ ಹೆಸರನ್ನು ಮರೆಯುತ್ತಿದ್ದನೇ ಹೊರತು ಅವರು ಹೇಗೆ ಇಳಿಸುತ್ತಿದ್ದರು ಎಂಬುದನ್ನು ಮರೆಯುತ್ತಿರಲಿಲ್ಲ. ಅವಳ ಮಟ್ಟಿಗೆ ಇದೇ ಭಯ.

"ಅಜ್ಜೀನ ಮಾರ್ತೀರಂತೆ?"

ಅಜ್ಜಿ ವಿಮಾನ ನಿಲ್ಲಿಸುವ ಹ್ಯಾಂಗರಿನ ಮೂಲೆಯಲ್ಲಿ ನಿಂತಿದ್ದಳು: ಎರಡು ಸೀಟಿನ ಹಳೆಯ ಪುಟ್ಟ ವಿಮಾನ, ಒಂದರ ಹಿಂದೆ ಒಂದು ಸೀಟು, ರೆಕ್ಕೆಗೆ ಬಟ್ಟೆಯ ಹೊದಿಕೆ, ಮರದ ಪ್ರೊಪೆಲರ್, ಬಾಲದ ಕೆಳಗೆ ಬೆಕ್ಕಿನ ತಲೆಯಷ್ಟು ಚಕ್ರ. ಹುಟ್ಟಿದ್ದು ಅವರಿಬ್ಬರ ಅಪ್ಪಂದಿರಿಗಿಂತ ಮೊದಲು. ಕಲಿಯುವ ದಿನಗಳಲ್ಲಿ ಅವಳು ಈ ಅಜ್ಜಿಯ ಮೇಲೆ ಆಸೆಪಟ್ಟಿದ್ದಳು. ಆಮೇಲೆ ಆ ಆಸೆಯನ್ನು ಸೀರೆಯ ಮಡಿಕೆಯೊಳಗೆ ಇಟ್ಟ ಹಾಗೆ ಎಲ್ಲೋ ಇಟ್ಟುಬಿಟ್ಟಿದ್ದಳು. ಮಾರುವ ಸುದ್ದಿ ಕಿವಿಗೆ ಬಿದ್ದ ದಿನ ಅದು ಮಡಿಕೆ ಸಮೇತ ಹೊರಗೆ ಬಂತು.

"ಹೊಸ ಹೋಟೆಲ್ ಕಟ್ಟಿಸ್ತಿರೋ ಸಾಹುಕಾರ್ರು ಕೇಳಿದ್ದಾರೆ. ಹಾಲ್‌ನ ಚಾವಣಿಯಿಂದ ನೇತು ಹಾಕ್ತಾರಂತೆ."

"ಊಟ ಮಾಡೋರ ತಲೆ ಮೇಲೆ?"

"ರೆಕ್ಕೆಗೆ ಬಲ್ಬ್ ಬೇರೆ ಹಾಕ್ತಾರಂತೆ."

"ನೀವು ಯಾಕೆ ಮಾರ್ತಿದ್ದೀರಿ?"

"ಬೇಸಿಗೆ ಮುಗಿದ ಮೇಲೆ ಊರು ಬಿಡ್ತೀನಿ. ದೂರದಲ್ಲಿ ಕೆಲಸ. ಕೋಣೆಯೊಳಗೆ ನೆಲಕ್ಕೆ ಬೋಲ್ಟ್ ಹಾಕಿ ಕೂರಿಸಿರೋ ವಿಮಾನ, ಅದರಲ್ಲಿ ಪಾಠ. ವಿಮಾನ ನಕಲಿ, ಸಂಬಳ ಅಸಲಿ."

"ನನಗೆ ಕೊಡಿ ಅಜ್ಜೀನ."

ಅವನು ಕೈ ಒರೆಸಿಕೊಂಡು ಅವಳನ್ನು ಪೂರ್ತಿ ನೋಡಿದ. "ಇಳಿಸೋಕೆ ಬಂದ್ರೆ ನಿಮ್ಮದು. ಇಳಿಸೋಕೆ ಬರದೋರಿಗೆ ಕೊಟ್ಟು ಪಾಪ ಕಟ್ಕೊಳ್ಳೋದಕ್ಕಿಂತ ಬಲ್ಬೇ ವಾಸಿ."

ಅದೇ ಕಷ್ಟ. ಏರುವುದು, ತಿರುಗುವುದು, ಗಾಳಿಯಲ್ಲಿ ನೇರ ಹೋಗುವುದು ಎಲ್ಲ ಅವಳಿಗೆ ಬರುತ್ತಿತ್ತು. ಇಳಿಯುವಾಗ ಕೊನೆಯ ಗಳಿಗೆಯಲ್ಲಿ ನೆಲ ತಾನೇ ಎದ್ದು ಮೈಮೇಲೆ ಬಂದಂತಾಗಿ ಕೈ ಕಲ್ಲಾಗುತ್ತಿತ್ತು. ಹಿಂದೊಮ್ಮೆ ಹಾಗೆ ಕಲ್ಲಾದ ದಿನ ಅವನು ಹಿಂದಿನ ಸೀಟಿನಿಂದ ಇಳಿಸಿದ್ದ. ಅವಳು ಹೆಡ್‌ಫೋನ್ ಬಿಚ್ಚಿಟ್ಟು ಹೋದವಳು ತಿರುಗಿ ಬಂದದ್ದು ಈಗ.

ಪಾಠ ಮತ್ತೆ ಶುರುವಾಯಿತು.

ಅಜ್ಜಿಯ ಹೆಡ್‌ಫೋನಿನಲ್ಲಿ ಅರ್ಧ ಮಾತು ಕೇಳುತ್ತಿತ್ತು, ಇನ್ನರ್ಧ ಒಗ್ಗರಣೆಯಂತೆ ಚಟಪಟಗುಟ್ಟಿ ಸುಟ್ಟುಹೋಗುತ್ತಿತ್ತು. ಅದಕ್ಕೆ ಮೇಷ್ಟ್ರು ಒಂದು ಕಾನೂನು ಮಾಡಿದ್ದ. "ನಾನು ಭುಜ ತಟ್ಟಿದ್ರೆ ವಿಮಾನ ನನ್ನದು. ನೀವು ಕೈ ಬಿಡಬೇಕು, ಪ್ರಶ್ನೆ ಇಲ್ಲ. ವಿಮಾನ ಹಾರಿಸೋ ಸ್ಟಿಕ್ ಎರಡೂ ಸೀಟಿಗೆ ಇದೆ, ಅದನ್ನ ನಾನು ಅಲ್ಲಾಡಿಸಿದ್ರೆ ಮತ್ತೆ ನಿಮ್ಮದು."

ಮುಂದಿನ ಸೀಟಿನಲ್ಲಿ ಅವಳು, ಹಿಂದೆ ಅವನು. ಅವಳಿಗೆ ಅವನು ಕಾಣುತ್ತಿರಲಿಲ್ಲ. ಅವನಿಗೆ ಅವಳ ಕುತ್ತಿಗೆಯಷ್ಟೇ ಕಾಣುತ್ತಿತ್ತು. ಪಾಠಕ್ಕೆ ಬರುವ ದಿನ ಕೂದಲನ್ನು ಎತ್ತಿ ಕಟ್ಟಿಕೊಳ್ಳುವುದು ಅವಳಿಗೆ ರೂಢಿಯಾದದ್ದು ಸೆಕೆಯಿಂದ ಎಂದು ಅವಳೇ ನಂಬಿದ್ದಳು.

"ಇಳಿಸೋಕೆ ಹೋಗ್ಬೇಡಿ," ಎನ್ನುತ್ತಿದ್ದ ಪ್ರತಿ ಸಲವೂ. "ಇಳಿಯದ ಹಾಗೆ ಹಿಡ್ಕೊಳ್ಳಿ. ಹಿಡಿದಷ್ಟು ಹೊತ್ತು ಹಿಡ್ಕೊಳ್ಳಿ. ಅಜ್ಜಿ ತಾನೇ ಸುಸ್ತಾಗಿ ಕೂರ್ತಾಳೆ."

ನೆಲ ಎದ್ದು ಬರುತ್ತಿತ್ತು. ಕೈ ಕಲ್ಲಾಗುತ್ತಿತ್ತು. ಭುಜದ ಮೇಲೆ ಟಪ್ ಎಂದು ಒಂದು ಏಟು ಬೀಳುತ್ತಿತ್ತು. ವಿಮಾನ ಅವನದಾಗುತ್ತಿತ್ತು.

ಕ್ಲಿನಿಕ್ಕಿನಲ್ಲಿ ರೋಗಿಗಳ ಸರದಿ ನೋಡಿಕೊಳ್ಳುವವಳು ಅವಳ ಅಕ್ಕ. ಮದುವೆ, ಮಕ್ಕಳು, ಮಂಡಿನೋವು ಎಲ್ಲವನ್ನೂ ಮುಗಿಸಿಕೊಂಡಿದ್ದರಿಂದ ಅವಳಿಗೆ ಬೇರೆಯವರ ಬದುಕಿಗೆ ಸಮಯವಿತ್ತು.

"ಕಾಲು ನೆಲದ ಮೇಲಿಡು ಅಂತ ನಾನು ಪುಕ್ಕಟೆ ಹೇಳಿದ್ದೆ. ಅದನ್ನ ಕಲಿಯೋಕೆ ಅಲ್ಲೀ ತನಕ ಹೋಗ್ಬೇಕಾ?"

"ಅಕ್ಕಾ, ಮುಂದಿನ ಪೇಷೆಂಟ್ ಕಳಿಸು."

"ಕಳಿಸ್ತೀನಿ. ನಿನಗೆ ಬೇಕಿರೋದು ಅಜ್ಜೀನೋ, ಅಜ್ಜಿಯ ಹಿಂದಿನ ಸೀಟೋ, ಅದನ್ನ ಮೊದಲು ಹೇಳು."

ಅವಳು ಗ್ಲೌಸು ಹಾಕಿಕೊಂಡಳು. ಆ ಪ್ರಶ್ನೆ ಮಾತ್ರ ಹಲ್ಲಿನ ಸಂದಿಯ ಚೂರಿನಂತೆ ಅಲ್ಲೇ ಕೂತಿತು. ಇಳಿಸಲು ಬಂದರೆ ಅಜ್ಜಿ ಅವಳ ಪಾಲಾಗುತ್ತಾಳೆ, ಮೇಷ್ಟ್ರು ನಿಶ್ಚಿಂತೆಯಿಂದ ರೈಲು ಹತ್ತುತ್ತಾನೆ. ಬಾರದಿದ್ದರೆ ಅಜ್ಜಿ ಬಲ್ಬು ಹಾಕಿಕೊಂಡು ನೇತಾಡುತ್ತಾಳೆ, ಮೇಷ್ಟ್ರು ಆಗಲೂ ರೈಲು ಹತ್ತುತ್ತಾನೆ. ತಪ್ಪುತ್ತಾ ಇದ್ದಷ್ಟು ದಿನ ಪಾಠವಿರುತ್ತದೆ, ಪಾಠವಿದ್ದಷ್ಟು ದಿನ ಅವನು ಇರುತ್ತಾನೆ. ಹಾಗಾದರೆ ತನ್ನ ಕೈ ಕಲ್ಲಾಗುವುದು ಭಯಕ್ಕೋ, ಬೇಕೆಂತಲೋ? ಒಬ್ಬರ ದವಡೆಹಲ್ಲಿಗೆ ಅರಿವಳಿಕೆ ಚುಚ್ಚಿ, ಅದು ಹಿಡಿಯುವವರೆಗೆ ಕಿಟಕಿಯ ಬಳಿ ನಿಂತು ಇದನ್ನೇ ಯೋಚಿಸಿದಳು. ಅವಳಿಗೆ ಯಾರೂ ಏನನ್ನೂ ಚುಚ್ಚಿರಲಿಲ್ಲವಾದ್ದರಿಂದ ಎಲ್ಲ ನೋಯುತ್ತಿತ್ತು.

ಸಾಹುಕಾರರಿಗೆ ಭಾನುವಾರ ಸಂಜೆಯೊಳಗೆ ಉತ್ತರ ಹೇಳಬೇಕಿತ್ತು. ಭಾನುವಾರ ಬೆಳಿಗ್ಗೆ ಕೊನೆಯ ಪಾಠ.

ಗಾಳಿ ಮಿಸುಕುತ್ತಿರಲಿಲ್ಲ. ಅಜ್ಜಿ ಕೆಮ್ಮದೆ ಮೇಲೆದ್ದಳು. ಕಲ್ಲುಗಣಿ ದಾಟಿತು, ರೈಲುಹಳಿ ದಾಟಿತು, ಮುಂದೆ ನದಿ. ಅವಳ ಮನಸ್ಸಿನಲ್ಲಿ ಆಗಲೇ ನೆಲ ಎದ್ದು ನಿಂತಿತ್ತು.

ಆಗ ಭುಜದ ಮೇಲೆ ಕೈ ಬಿತ್ತು.

ಎಂದಿನ ಏಟಲ್ಲ. ಮೆಲ್ಲಗೆ ಬಂದು, ಒಂದು ಉಸಿರಿನಷ್ಟು ನಿಂತು, ಹೋಯಿತು. ಆದರೂ ಕಾನೂನು ಕಾನೂನೇ. ಅವಳು ಸ್ಟಿಕ್ ಬಿಟ್ಟು ಎರಡೂ ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡಳು.

ವಿಮಾನ ಹಾಗೇ ಹೋಗುತ್ತಿತ್ತು. ಒಂದು ಕುಲುಕಿಲ್ಲ, ಜಗ್ಗಾಟವಿಲ್ಲ. ತುಂಬಿದ ಕೊಡ ಹೊತ್ತವರ ನಡಿಗೆ. ಇಷ್ಟು ಮೃದುವಾಗಿ ಅವನು ಎಂದೂ ಹಾರಿಸಿರಲಿಲ್ಲ. ಬಾಯಲ್ಲಿ ಹೇಳಲಾಗದ್ದನ್ನು ಹೀಗೆ ಹೇಳುತ್ತಿದ್ದಾನೆ ಎಂದುಕೊಂಡಳು. ಎಡರೆಕ್ಕೆ ನಿಧಾನವಾಗಿ ನದಿಯ ತಿರುವಿನ ಕಡೆಗೆ ಬಾಗಿತು. ನೋಡಲಿ ಎಂದು ತೋರಿಸುತ್ತಿದ್ದಾನೆ. ಅವಳ ಕಣ್ಣು ತುಂಬಿತು. ರೆಕ್ಕೆ ಇನ್ನಷ್ಟು ಬಾಗಿತು. ಮೂಗು ಕೆಳಗಾಯಿತು, ಎಂಜಿನ್ನಿನ ದನಿ ಒಂದು ಮೆಟ್ಟಿಲು ಏರಿತು.

ಇಷ್ಟೊಂದು ತೋರಿಸುವುದು ಬೇಡವಾಗಿತ್ತು ಎಂದು ಹಿಂತಿರುಗಿ ನೋಡಿದಳು.

ಮೇಷ್ಟ್ರು ಗಲ್ಲಕ್ಕೆ ಒಂದು ಕೈ ಕೊಟ್ಟು, ಇನ್ನೊಂದರಲ್ಲಿ ಟೋಪಿ ಹಿಡಿದು, ನದಿ ನೋಡುತ್ತ ಕೂತಿದ್ದ. ಅವಳು ತಿರುಗಿದ್ದು ಕಂಡು ಹೆಬ್ಬೆರಳೆತ್ತಿ, ಬಹಳ ಚೆನ್ನಾಗಿ ಹಾರಿಸುತ್ತಿದ್ದೀರಿ ಎಂದು ಸನ್ನೆ ಮಾಡಿದ.

ಅವಳು ತನ್ನ ಎರಡೂ ಕೈಗಳನ್ನು ಎತ್ತಿ ತೋರಿಸಿದಳು.

ನಾಲ್ಕು ಕೈ ಗಾಳಿಯಲ್ಲಿ, ಸ್ಟಿಕ್ಕಿನ ಮೇಲೆ ಒಂದೂ ಇಲ್ಲ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು.

ಮೊದಲು ಹಿಡಿದವಳು ಅವಳು. ರೆಕ್ಕೆ ಎತ್ತಿ, ಮೂಗು ಸರಿಮಾಡಿ, ಮೈದಾನದ ಕಡೆ ತಿರುಗಿಸಿ ಬೈಯಲು ಶುರುಮಾಡಿದಳು. ಇದೇನು ಪಾಠ, ಇವನೆಂಥ ಮೇಷ್ಟ್ರು, ತನಗೆ ಕ್ಲಿನಿಕ್ ಇದೆ, ಅಕ್ಕ ಇದ್ದಾಳೆ, ಸತ್ತಿದ್ದರೆ ಅಕ್ಕನ ಕೈಲಿ ಮಾತು ಕೇಳುವವರು ಯಾರು. ಹೆಡ್‌ಫೋನು ಆ ದಿನ ಅವಳ ಒಂದು ಅಕ್ಷರವನ್ನೂ ಸುಡದೆ ದಾಟಿಸಿತು. ಬೈಗುಳದ ನಡುವೆ ನೆಲ ಎಂದಿನಂತೆ ಎದ್ದು ಬಂತು. ಅದಕ್ಕೆ ಹೆದರಲು ಅವಳಿಗೆ ಪುರುಸೊತ್ತಿರಲಿಲ್ಲ. ಹಿಡಿದಷ್ಟು ಹೊತ್ತು ಹಿಡಿದಳು. ಅಜ್ಜಿ ಸುಸ್ತಾಗಿ ಹುಲ್ಲಿನ ಮೇಲೆ ಕೂತಳು.

ಎಂಜಿನ್ ನಿಂತಾಗ ಅವಳು ಇನ್ನೂ ಬೈಯುತ್ತಲೇ ಇದ್ದಳು.

"ಡಾಕ್ಟ್ರೇ," ಅಂದ ಅವನು ಹಿಂದಿನಿಂದ. "ಇಳಿಸಿದ್ರಿ."

ಅವಳು ಸುತ್ತ ನೋಡಿದಳು. ಹೌದು, ಹುಲ್ಲು. "ಅದು ಆಮೇಲೆ. ಭುಜ ತಟ್ಟಿದ್ರೆ ವಿಮಾನ ನಿಮ್ಮದು. ಕಾನೂನು ಮಾಡಿದೋರು ನೀವು."

"ತಟ್ಟಿದ್ದಲ್ಲ."

"ಮತ್ತೇನು, ಸೊಳ್ಳೆ ಓಡಿಸಿದ್ರಾ?"

ಬಿಸಿಯಾದ ಎಂಜಿನ್ ಟಿಕ್ ಟಿಕ್ ಎಂದು ಆರುತ್ತಿತ್ತು.

"ಇದು ಕೊನೇ ಸಲ ಅನ್ನಿಸ್ತು. ಕೈ ಹೋಗಿಬಿಡ್ತು. ಕಾನೂನು ನೆನಪಿಗೆ ಬರ್ಲಿಲ್ಲ. ಆಮೇಲೆ ನೀವು ಎಷ್ಟು ಮೆತ್ತಗೆ ಹಾರಿಸ್ತಿದ್ದೀರಿ ಅಂದ್ರೆ, ನಿಮಗೂ ಅರ್ಥ ಆಯ್ತು ಅಂದ್ಕೊಂಡೆ."

ಅವಳ ಸಿಟ್ಟು ಕಾಲಿಗೆ ನೆಲ ಸಿಗದೆ ತತ್ತರಿಸಿತು. ಕುತ್ತಿಗೆ ಕೆಂಪೇರಿದ್ದು ಹಿಂದೆ ಕೂತವನಿಗೆ ಕಂಡಿರುತ್ತದೆ ಎಂದು ನೆನಪಾಗಿ ಇನ್ನೂ ಕೆಂಪೇರಿತು.

"ನಾನೂ ಹಾಗೇ ಅಂದ್ಕೊಂಡೆ," ಅಂದಳು ಕೊನೆಗೆ, ಮುಂದೆ ನೋಡುತ್ತಲೇ. "ನೀವು ಹಾರಿಸ್ತಿದ್ದೀರಿ ಅಂತ."

ಇಬ್ಬರ ಪರವಾಗಿಯೂ ಅಷ್ಟು ಹೊತ್ತು ಮಾತಾಡಿದವಳು ಬರೀ ಅಜ್ಜಿ.

"ಈಗ ಅಜ್ಜಿ ನಿಮ್ಮೋಳು. ಮಾತು ಅಂದ್ರೆ ಮಾತು," ಅಂದ ಅವನು. ದನಿಯಲ್ಲಿ ಸಂತೋಷ ಹುಡುಕಿದರೂ ಸಿಗಲಿಲ್ಲ.

"ನನಗೆ ಅರ್ಧ ಸಾಕು."

"ಅರ್ಧ ವಿಮಾನ ಹಾರಲ್ಲ ಡಾಕ್ಟ್ರೇ."

"ಅದಕ್ಕೇ ಹೇಳಿದ್ದು. ಇನ್ನರ್ಧದವರು ಊರಲ್ಲೇ ಇರ್ಬೇಕಾಗುತ್ತೆ."

ಮಾತೂ ವಿಮಾನದ ಹಾಗೇ. ಏರಿಸುವುದು ಸುಲಭ, ಎಲ್ಲಿ ಇಳಿಯುತ್ತದೋ ಎಂಬುದೇ ಚಿಂತೆ.

ಅವನು ಕೆಳಗಿಳಿದು, ತನ್ನ ಸೀಟಿನ ಬೆಲ್ಟುಗಳನ್ನು ಅಲ್ಲಾಡದಂತೆ ಗಂಟು ಹಾಕಿದ. ಹಿಂದಿನ ಸೀಟು ಖಾಲಿ ಹೋಗುವಾಗ ಮಾತ್ರ ಹಾಗೆ ಕಟ್ಟುವುದು. ಅದು ಅವಳಿಗೂ ಗೊತ್ತಿತ್ತು.

"ಒಂದು ಸುತ್ತು. ಒಬ್ಬರೇ."

"ಇದು ಉತ್ತರಾನಾ?"

"ಹೋಗಿ ಬನ್ನಿ," ಎಂದು ಮುಂದೆ ಹೋಗಿ ಪ್ರೊಪೆಲರ್ ತಿರುವಿ ಎಂಜಿನ್ ಎಬ್ಬಿಸಿದ.

ಅವನ ಭಾರವಿಲ್ಲದ ಅಜ್ಜಿ ಹುಡುಗಿಯಂತೆ ಹಾರಿದಳು. ಬೆನ್ನ ಹಿಂದೆ ಖಾಲಿ. ತಟ್ಟುವವರಿಲ್ಲ, ಮುಟ್ಟುವವರೂ ಇಲ್ಲ. ಮೊದಲ ತಿರುವಿನಲ್ಲಿ ಕೆಳಗೆ ನೋಡಿದಳು. ಹುಲ್ಲಿನ ನಡುವೆ ಅವನು ನಿಂತಿದ್ದ, ಅವಳಿಗೆ ಬೆನ್ನು ಹಾಕಿ. ಎರಡನೆಯ ತಿರುವಿನಲ್ಲೂ ಹಾಗೇ. ನೋಡುವಷ್ಟೂ ಮನಸ್ಸಿಲ್ಲದವನ ಹತ್ತಿರ ಅರ್ಧ ಕೇಳಿದೆನಲ್ಲ ಎಂದು ನಾಚಿಕೆಯಾಯಿತು. ಆ ನಾಚಿಕೆಯಲ್ಲೇ ಇಳಿದಳು. ಅಜ್ಜಿ ಒಮ್ಮೆ ಪುಟಿದಳು, ಇನ್ನೊಮ್ಮೆ ಪುಟಿದಳು, ಮೂರನೆಯ ಸಲ ಹೋಗಲಿ ಪಾಪ ಎಂದು ನಿಂತಳು.

ಎಂಜಿನ್ ಮೆಲ್ಲಗೆ ತಿರುಗುತ್ತಿತ್ತು. ಅವನು ರೆಕ್ಕೆಯ ಹಿಂದಿನಿಂದ ಬಳಸಿ ಓಡಿ ಬಂದ. ಮುಖ ಬಿಳಿಚಿತ್ತು, ಕೈಯಲ್ಲಿ ಫೋನು.

"ನೋಡ್ಲೇ ಇಲ್ಲ ನೀವು," ಅಂದಳು.

"ಆಗ್ಲಿಲ್ಲ. ಎಷ್ಟೋ ಜನರನ್ನ ಒಬ್ಬೊಬ್ಬರೇ ಮೇಲೆ ಕಳಿಸಿದ್ದೀನಿ, ಟೀ ಕುಡೀತಾ ನೋಡಿದ್ದೀನಿ. ಇವತ್ತು ಕಣ್ಣೆತ್ತೋಕೆ ಆಗ್ಲಿಲ್ಲ. ಕೈಗೆ ಏನಾದ್ರೂ ಕೆಲಸ ಬೇಕಿತ್ತು. ಫೋನ್ ಮಾಡ್ದೆ."

"ಯಾರಿಗೆ?"

"ಮೊದಲು ಸಾಹುಕಾರ್ರಿಗೆ. ಒಂದು ದೊಡ್ಡ ಫ್ಯಾನ್ ಹಾಕಿಸ್ಕೊಳ್ಳಿ ಅಂದೆ."

"ಆಮೇಲೆ?"

"ಆಮೇಲೂ ನೀವು ಇಳಿದಿರ್ಲಿಲ್ಲ. ಅದಕ್ಕೆ ಆ ನಕಲಿ ವಿಮಾನದವರಿಗೂ ಮಾಡ್ದೆ. ಬರಲ್ಲ ಅಂದುಬಿಟ್ಟೆ."

ಅವಳು ಅವನ ಮುಖ ನೋಡಿದಳು. ಜಿಪುಣ ಬಾಯಿ ಎರಡೂ ಕೊನೆ ಬಿಟ್ಟುಕೊಟ್ಟು ನಗುತ್ತಿತ್ತು. ಕೆಳಗಿನ ಸಾಲಿನಲ್ಲಿ ಒಂದು ಹಲ್ಲು ಸೊಟ್ಟ ಎಂದು ಅವಳಿಗೆ ಗೊತ್ತಾದದ್ದು ಈಗಲೇ.

"ನಾನು ಇನ್ನೊಂದು ಸುತ್ತು ಹೋದ್ರೆ?" ಅಂದಳು.

"ಇನ್ನು ಫೋನ್ ಮಾಡೋಕೆ ನನ್ನ ಹತ್ತಿರ ಉಳಿದಿರೋದು ನಿಮ್ಮ ಅಕ್ಕನ ನಂಬರು. ಹೆಣ್ಣು ಕೇಳ್ಬಿಡ್ತೀನಿ."

ಅವಳು ಬೆಲ್ಟು ಎಳೆದು ಬಿಗಿಮಾಡಿಕೊಂಡು, ಅವನು ರೆಕ್ಕೆಯಿಂದ ದೂರ ಸರಿಯುವವರೆಗೆ ಕಾದು, ಎಂಜಿನ್ನಿನ ಥ್ರಾಟಲ್ ಹಿಡಿಯನ್ನು ಮುಂದಕ್ಕೆ ತಳ್ಳಿದಳು.