ಟೋಪಿಗೆ ಸಿಕ್ಕಿಸಿದ ಬಿಳಿ ಕಾಗದ

೧೬೪೫ರ ಜೂನ್, ರಾಜನಿಗೂ ಪಾರ್ಲಿಮೆಂಟಿಗೂ ನಡೆಯುತ್ತಿದ್ದ ಯುದ್ಧದ ಮಹಾಕದನದ ಹಿಂದಿನ ಸಂಜೆ. ಆರು ಗಂಟೆಗೆ ನಾವು ಪಾರ್ಲಿಮೆಂಟಿನ ಸವಾರರು ಹಳ್ಳಿಯೊಂದರಲ್ಲಿ ಊಟಕ್ಕೆ ಕುಳಿತಿದ್ದ ರಾಜನ ಕುದುರೆಪಡೆಯ ಮೇಲೆ ಬಿದ್ದೆವು. ಎರಡೂ ಕಡೆಯವರ ಉಡುಪು ಒಂದೇ ಬಗೆಯದು. ಟೋಪಿಗೆ ಸಿಕ್ಕಿಸಿದ ಬಿಳಿ ಕಾಗದವೊಂದೇ ನಮ್ಮ ಗುರುತು. ಧೂಳಿನಲ್ಲಿ ಬರಿತಲೆಯ ಸವಾರನೊಬ್ಬ ನನ್ನತ್ತ ಧಾವಿಸಿದ. ಗುಂಡು ಹಾರಿಸಿದೆ.

ಏಳಕ್ಕೆ, ಮೊಣಕಾಲಿಗೆ ಮೊಣಕಾಲು ತಾಗಿಸಿ ಸಾಲಾಗಿ ಮರಳಿದೆವು. ಎಡಕ್ಕೆ ನನ್ನ ತಮ್ಮ ಜರ್ವಿಸ್ ಇದ್ದ. ಅವನ ಮೊಣಕಾಲಿನ ತಣುಪು ನನ್ನ ದಪ್ಪ ಬೂಟಿನೊಳಗೂ ಇಳಿಯಿತು. ಅವನ ಕುದುರೆಯ ಗೊರಸಿನ ಸದ್ದು ಮಾತ್ರ ಕೇಳಿಸಲಿಲ್ಲ.

“ಟೋಪಿ ಎಲ್ಲೋ, ಪೆದ್ದ?”

“ಬಿದ್ದೋಯ್ತು ಕಣಣ್ಣ. ಅಮ್ಮಂಗೆ ಹೇಳ್ಬೇಡ, ಬೈತಾಳೆ.”

ಬಿಡಾರ ತಲುಪಿದಾಗ ನನ್ನ ಎಡಬದಿ ಖಾಲಿಯಿತ್ತು. ಬೆಳಿಗ್ಗೆ ಆ ಹಳ್ಳಿಯಿಂದ ಅವನ ಹೆಣ ತಂದರು. ನಮ್ಮಲ್ಲಿ ಪ್ರತಿಯೊಬ್ಬನೂ ತನ್ನ ಗುಂಡನ್ನು ತನ್ನದೇ ಅಚ್ಚಿನಲ್ಲಿ ಎರೆದುಕೊಳ್ಳುತ್ತಾನೆ. ಅವನ ಎದೆಯಿಂದ ತೆಗೆದ ಗುಂಡಿನ ಮೇಲೆ ನನ್ನ ಅಚ್ಚಿನ ಓರೆಗೆರೆಯಿತ್ತು.