ಎಡಗಡೆಯ ಸೀಟಿನಲ್ಲಿ ಕೂತವರು

ಫಾತಿಮಾಬಿ ಸುಧಾರಾಣಿಯವರ ಮನೆಯ ಬಾಗಿಲು ತಟ್ಟಲಿಲ್ಲ, ಎರಡೂ ಕೈಯಿಂದ ಬಡಿದಳು. ಒಳಗೆ ಚಹಾ ಕುಡಿಯುತ್ತಿದ್ದ ಶಬೀನಾ ಬೆಚ್ಚಿಬಿದ್ದಳು. ಅರ್ಧ ಚಹಾ ಅವಳ ಮಡಿಲಿಗೇ ಚೆಲ್ಲಿತು.

"ಬಾಯಾರ, ನಮ್ಮ ಮನಿಗೆ ಕಲ್ಲು ಒಗ್ಯಾಕತ್ತಾರ್ರಿ," ಎಂದು ಫಾತಿಮಾಬಿ ಹೊಸ್ತಿಲಲ್ಲೇ ಕುಸಿದು ಕೂತಳು. "ನನ್ನ ಮಗಾ ದವಾಖಾನ್ಯಾಗ ಎಚ್ಚರಿಲ್ಲದ ಬಿದ್ದಾನ. ಬಾಗಲದಾಗ ಪೊಲೀಸರು ಕುಂತಾರ. ಕಣ್ಣು ತಗದ ಕೂಡಲೇ ಹಿಡದೊಯ್ತಾರಂತ. ಸರ್ಫರಾಜ್ ಕೊಲಿಗಾರ ಅಲ್ಲರಿ, ಬಾಯಾರ."

ಸುಧಾರಾಣಿ ಅವಳನ್ನು ಎಬ್ಬಿಸಿ ಒಳಗೆ ಕರೆದುಕೊಂಡರು. ಇನ್ಸ್‌ಪೆಕ್ಟರ್ ಕೆಲಸದಿಂದ ನಿವೃತ್ತರಾಗಿ ನವಲಗುಂದದಲ್ಲಿ ನೆಲೆಸಿದ ಮೇಲೂ, ಠಾಣೆಗೆ ಹೋಗುವ ಮೊದಲು ಜನ ಅವರ ಮನೆಗೆ ಬರುವುದು ತಪ್ಪಿರಲಿಲ್ಲ. ಪಕ್ಕದ ಮನೆಯ ಹೈಸ್ಕೂಲ್ ಶಿಕ್ಷಕಿ ಶಬೀನಾ ತನ್ನ ಸ್ಕೂಟಿಯ ಮೇಲೆ ಅವರನ್ನು ಕರೆದೊಯ್ಯುತ್ತಿದ್ದಳು. ಎಷ್ಟು ಪ್ರಕರಣ ಕಂಡರೂ ಅವಳ ಅಂಜಿಕೆ ಮಾತ್ರ ಹೋಗಿರಲಿಲ್ಲ.

ಹಿಂದಿನ ದಿನ ನಡೆದದ್ದು ಊರಿಗೆಲ್ಲ ಗೊತ್ತಿತ್ತು. ಬೀರಲಿಂಗ ಸಾಹುಕಾರರ ಹೊಸ ಹತ್ತಿ ಮಿಲ್ಲಿನ ಪ್ರಾರಂಭಕ್ಕೆ ಹೆಲಿಕಾಪ್ಟರ್ ಬಂದಿತ್ತು. ಅದನ್ನು ನಡೆಸುವವನು ಇದೇ ಊರಿನ ಜಮಖಾನ ನೇಯುವ ಮನೆಯ ಹುಡುಗ ಸರ್ಫರಾಜ್ ಎಂದು ಜನ ಹೆಮ್ಮೆಯಿಂದ ನೋಡಲು ಹೋಗಿದ್ದರು. ಸಾಹುಕಾರರು ಮಗಳು ಮಂಜುಳಾಳೊಂದಿಗೆ ಅದನ್ನೇರಿ ಮಿಲ್ಲಿನ ಮೇಲೆ ಹೂವು ಸುರಿಸಿದರು. ಹೆಲಿಕಾಪ್ಟರ್ ನೆಲಕ್ಕೆ ಮರಳಿತು. ರೆಕ್ಕೆ ಇನ್ನೂ ತಿರುಗುತ್ತ ಧೂಳೆಬ್ಬಿಸುತ್ತಿತ್ತು. ಅಪ್ಪ ಮಗಳು ಕೆಳಗಿಳಿಯುವ ಹೊತ್ತಿಗೆ, ನೆಲದ ಮೇಲೆ ನಿಂತಿದ್ದ ಯಂತ್ರ ಒಮ್ಮೆಲೇ ಜಿಗಿದು ಬಲಕ್ಕೆ ಮಗುಚಿತು. ಕರಿ ಮಣ್ಣಿನ ಧೂಳು ಎದ್ದು ಯಾರಿಗೂ ಏನೂ ಕಾಣದಾಯಿತು. ಧೂಳು ಇಳಿದಾಗ ಮಿಲ್ಲಿನ ಕಾವಲುಗಾರ ಗಂಗಪ್ಪ ಸತ್ತುಬಿದ್ದಿದ್ದ. ಮುರಿದ ರೆಕ್ಕೆಯ ತುಂಡೊಂದು ಅವನಿಗೆ ಬಡಿದಿತ್ತು.

"ಮಂದಿ ಇಳಿಯೂದ್ರಾಗ ಪೈಲಟ್ ಮೇಲಕ್ಕೆತ್ತಿದ ಅಂತಾರ," ಫಾತಿಮಾಬಿ ಅತ್ತಳು. "ಅಷ್ಟು ತಿಳೀದವಾ ಏನ್ರಿ ಅವಾ?"

"ದವಾಖಾನ್ಯಾಗ ನಿಮ್ಮ ಕೈಗೆ ಏನರ ಕೊಟ್ರೇನು?" ಎಂದು ಸುಧಾರಾಣಿ ಕೇಳಿದರು.

ಫಾತಿಮಾಬಿ ಸೆರಗಿನ ಗಂಟು ಬಿಚ್ಚಿದಳು. ಒಂದು ಉಂಗುರ, ಕಪ್ಪು ದಾರದ ತಾಯತ, ಜರಿ ಎಳೆ ಸೇರಿದ ಗುಲಾಬಿ ರೇಷ್ಮೆ ದಾರದ ಒಂದು ಕುಚ್ಚು. "ಇದು ಅವನ ಎಡಗೈ ಮುಷ್ಟ್ಯಾಗಿತ್ತಂತ. ಬೆರಳು ಬಿಡಿಸಿ ತಗದ್ರಂತ. ಎಲ್ಲೀದೋ ಏನೋ."

ಸುಧಾರಾಣಿ ಕುಚ್ಚನ್ನು ಬೆಳಕಿಗೆ ಹಿಡಿದು ನೋಡಿದರು. "ಎಡಗೈ ಅಂತ ಹೇಳಿದ್ರೇನು? ಖರೇನ?"

"ಎಡಗೈನ ರಿ."

ಮಿಲ್ಲಿನ ಗೇಟಿನ ಹೊರಗೆ ಜನ ನೆರೆದಿದ್ದರು. ಸ್ಕೂಟಿ ಕಂಡೊಡನೆ ಯಾರೋ, "ಕೊಲಿಗಾರನ ಕಡೆಯವರು ಬಂದ್ರು ನೋಡ್ರಲೇ," ಎಂದು ಕೂಗಿದರು. ಶಬೀನಾ ಯಾರ ಮುಖವನ್ನೂ ನೋಡದೆ ಸ್ಕೂಟಿಯನ್ನು ಒಳಗೆ ನಡೆಸಿದಳು. ಗೇಟಿನೊಳಗೆ ಪಿಎಸ್‌ಐ ಅವರನ್ನು ಬರಮಾಡಿಕೊಂಡ. ಅವನು ಸುಧಾರಾಣಿಯವರ ಕೈಕೆಳಗೆ ಕೆಲಸ ಕಲಿತವನು.

"ವಿಮಾನ ತನಿಖೆಯವರು ನಾಳೆ ಬರ್ತಾರ, ಮೇಡಮ್. ಅಲ್ಲೀತನಕ ಏನೂ ಕೀಳಬ್ಯಾಡ್ರಿ, ಬರೇ ನೋಡ್ರಿ. ನಿನ್ನೆಯಿಂದ ಒಂದು ಗಾಡೀನೂ ಹೊರಗ ಬಿಟ್ಟಿಲ್ಲ. ಹೋಗೂ ಮಂದೀನೂ ತಪಾಸ ಮಾಡೇ ಬಿಟ್ಟೀವಿ."

ಹೆಲಿಕಾಪ್ಟರ್ ಕಂಪನಿಯ ಮೇಲ್ವಿಚಾರಕ ಭೀಮಶಿ ಓಡುತ್ತ ಬಂದ. ಸುಧಾರಾಣಿ ಕೇಳಿದ್ದಕ್ಕೆಲ್ಲ ಚಟಪಟನೆ ಉತ್ತರ ಕೊಟ್ಟ. ಮುಂದೆ ಎರಡು ಸೀಟು. ಬಲಗಡೆ ಪೈಲಟ್, ಎಡಗಡೆ ಪ್ರಯಾಣಿಕ. ಒಂದೊಂದು ಸೀಟಿನ ಎಡಬದಿಗೂ ಒಂದು ಲಿವರ್. ಎಡಗೈಯಿಂದ ಎರಡರಲ್ಲಿ ಯಾವುದನ್ನು ಎತ್ತಿದರೂ ಯಂತ್ರ ಮೇಲೇಳುತ್ತದೆ. ಪೈಲಟ್‌ನ ಬಲಗೈ ದಿಕ್ಕು ತಿರುಗಿಸುವ ಕೋಲಿನ ಮೇಲೆ.

"ಪ್ರಯಾಣಿಕರ ಕಡೆ ಲಿವರ್‌ಗೆ ಯಾರರ ಕೈ ತಾಗಿದ್ರ?"

"ಅದ್ಹೆಂಗ ತಾಗತೈತ್ರಿ? ಆ ಕಡೆ ಲಿವರ್, ಕೋಲು ಎಲ್ಲಾ ಮುಂಜಾನೇನ ತಗದಿದ್ದೆ. ಅದ ನಿಯಮ."

"ಆ ಸೀಟಿನ್ಯಾಗ ಯಾರು ಕೂತಿದ್ರು?"

"ನಾನು," ಎಂದು ಹಿಂದಿನಿಂದ ಬೀರಲಿಂಗ ಹೇಳಿದರು. ಮೊಣಕೈಗೆ ಪಟ್ಟಿ ಕಟ್ಟಿತ್ತು. "ಮಗಳು ಹಿಂದ ಕೂತಿದ್ಲು. ಪೈಲಟ್ ಮೊದಲಿಂದ್ಲೂ ಗಾಬರಿಯಾಗಿದ್ದ ನೋಡ್ರಿ. ಕಾಲರಿನ ಹಿಂದ ತಾಯತದ ದಾರದ ಗಂಟು ಕಾಣತಿತ್ತು, ಬೆವರಿಗೆ ತೊಯ್ದು ತಪ್ಪಡಿ ಆಗಿತ್ತು. ಗಂಗಪ್ಪನೂ ಹಂಗ, ಹುಚ್ಚನಂಗ ರೆಕ್ಕಿ ಕೆಳಗ ಬಂದು ಪ್ರಾಣ ಕಳಕೊಂಡ."

ಮಂಜುಳಾ ಕಚೇರಿಯ ಬಾಗಿಲಲ್ಲಿ ನಿಂತಿದ್ದಳು. ಅಷ್ಟು ಬಿಸಿಲಿನಲ್ಲೂ ದುಪಟ್ಟಾವನ್ನು ಕೊರಳಿಗೆ ಎರಡು ಸುತ್ತು ಸುತ್ತಿಕೊಂಡಿದ್ದಳು. ಅವಳ ಕಣ್ಣು ಕಂಡು ಶಬೀನಾಳಿಗೆ, ಈ ಹುಡುಗಿ ತನಗಿಂತ ಹೆಚ್ಚು ಹೆದರಿದ್ದಾಳೆ ಅನ್ನಿಸಿತು.

ಯಂತ್ರ ಬಲಮಗ್ಗುಲಿಗೆ ಬಿದ್ದಿತ್ತು. ಎಡಬಾಗಿಲು ಆಕಾಶ ನೋಡುತ್ತಿತ್ತು.

"ನನ್ನ ಮೊಣಕಾಲು ಕೇಳೂದಿಲ್ಲ. ನೀ ಹತ್ತು, ಶಬೀನಾ."

"ಅಕ್ಕಾರ, ನನಗ ಕೈಕಾಲು ಬರಾಕತ್ತಿಲ್ಲ."

"ಗೊತ್ತೈತಿ. ಆದ್ರೂ ಹತ್ತು."

ಅವಳು ಏಣಿ ಹತ್ತಿ ತಲೆ ಒಳಗೆ ಹಾಕಿದಳು. ಎಣ್ಣೆಯ ಘಾಟು, ಬಾಡಿದ ಸೇವಂತಿಗೆಯ ವಾಸನೆ, ಅದರ ಜೊತೆ ಇನ್ನೊಂದು ವಾಸನೆ. ಅದು ಯಾವುದೆಂದು ಯೋಚಿಸಲು ಅವಳಿಗೆ ಧೈರ್ಯವಾಗಲಿಲ್ಲ. ತಗಡು ಕಿರ್ ಎಂದಿತು. ಯಂತ್ರ ಮತ್ತೆ ಜಿಗಿದೇಬಿಡುತ್ತದೆ ಎಂದು ಅವಳು ಕಣ್ಣು ಮುಚ್ಚಿದಳು.

"ಎಡಸೀಟಿನ ಬಾಜೂಕ ನೋಡು. ಲಿವರ್ ಕೂಡೂ ತೂತು ಕಾಣತೈತೇನು?"

"ಐತ್ರಿ. ಲಿವರ್ ಇಲ್ಲ, ಮುಚ್ಚಳಾನೂ ಇಲ್ಲ." ಅವಳು ಬೆರಳನ್ನು ಅಂಚಿಗೆ ತಾಗಿಸಿದಳು. ಸೀಟು, ಬೆಲ್ಟು, ಗಾಜು ಎಲ್ಲದರ ಮೇಲೂ ಬೆರಳು ದಪ್ಪ ಕರಿ ಧೂಳು ಕೂತಿತ್ತು. ತೂತಿನ ಒಳಗೆ ಮಾತ್ರ ಹೊಳೆಯುವ ಗ್ರೀಸು. "ಅಕ್ಕಾರ, ಇದರಾಗ ಒಂದು ಕಣ ಧೂಳಿಲ್ಲ!"

"ಇಳಿ. ಸಾಕು."

ಕೆಳಗೆ ಬಂದಾಗ ಸುಧಾರಾಣಿ ಗೋಡೆಯ ಗುಂಟ ನಿಲ್ಲಿಸಿದ್ದ ಹತ್ತಿ ತುಂಬಿದ ಅಂಡಿಗೆ ಚೀಲಗಳ ಮುಂದೆ ನಿಂತಿದ್ದರು. ಒಂದು ಚೀಲದ ಬಾಯಿಯ ಹತ್ತಿರ ಎಣ್ಣೆಗೈಯ ಕಲೆಯಿತ್ತು. ಅವರು ಅದನ್ನು ಮುಟ್ಟಲಿಲ್ಲ. ಪಿಎಸ್‌ಐ ಕಿವಿಯಲ್ಲಿ, "ಗಂಗಪ್ಪನ ಹೆಂಡತಿ ದುರ್ಗವ್ವನ್ನ ಕರಸ್ರಿ. ಫಾತಿಮಾಬೀನೂ ಬರಲಿ," ಎಂದರು.

ಮಧ್ಯಾಹ್ನ ಮಿಲ್ಲಿನ ಕಟ್ಟೆಯ ಮೇಲೆ ಎಲ್ಲರೂ ಸೇರಿದರು. ಗೇಟಿನಾಚೆಯ ಗದ್ದಲ ಏರುತ್ತಿತ್ತು. ಸುಧಾರಾಣಿಯವರ ಊಹೆ ಸುಳ್ಳಾದರೆ ಈ ಜನ ನಮ್ಮನ್ನು ಜೀವಸಹಿತ ಬಿಡುವುದಿಲ್ಲ ಎಂದುಕೊಂಡು ಶಬೀನಾ ಗೋಡೆಗೆ ಒರಗಿದಳು.

ಸುಧಾರಾಣಿ ಕುಚ್ಚನ್ನು ಎತ್ತಿ ಹಿಡಿದರು.

"ಇದು ಸರ್ಫರಾಜ್‌ನ ಎಡಗೈ ಮುಷ್ಟ್ಯಾಗಿತ್ತು. ಯಂತ್ರ ಮೇಲೇಳಬೇಕಂದ್ರ ಎಡಗೈಲೆ ಲಿವರ್ ಎತ್ತಬೇಕು. ಅವನ ಎಡಗೈ ಇದನ್ನ ಹಿಡಕೊಂಡಿತ್ತು. ಅಂದಮ್ಯಾಲ ಎತ್ತಿದವಾ ಅವನಲ್ಲ. ಹಂಗಾದ್ರ ಎತ್ತಿದ್ದು ಯಾವ ಲಿವರ್? ಇನ್ನೊಂದು, ಪ್ರಯಾಣಿಕರ ಕಡೇದು."

"ಅದು ಇರಲೇ ಇಲ್ಲಂತ ಹೇಳೀನಲ್ರಿ," ಎಂದ ಭೀಮಶಿ.

"ಮುಂಜಾನೆ ತಗದಿದ್ರ ಆ ತೂತಿನ್ಯಾಗ ನಿನ್ನಿ ಧೂಳು ತುಂಬಬೇಕಿತ್ತು. ಎಲ್ಲಾ ಕಡೆ ತುಂಬೇತಿ, ಅಲ್ಲೊಂದು ಬಿಟ್ಟು. ಧೂಳು ಎದ್ದಾಗ ಲಿವರ್ ಅಲ್ಲೇ ಇತ್ತು. ಧೂಳು ಇಳದ ಮ್ಯಾಲ ಯಾರೋ ಕಿತ್ತರು. ಮೊದಲ ಒಳಗ ಹೊಕ್ಕವರು ಯಾರು?"

"ಇಂಜಿನ್ ಬಂದ್ ಮಾಡಾಕ ನಾನ ಹೋಗಿದ್ದೆ..." ಎಂದ ಭೀಮಶಿಯ ಕಣ್ಣು ಗೋಡೆಯ ಗುಂಟದ ಅಂಡಿಗೆಗಳತ್ತ ಹೊರಳಿತು.

"ಗೇಟು ದಾಟಿಸಾಕ ಆಗಲಿಲ್ಲ. ಎಣ್ಣಿ ಹತ್ತಿದ ಆ ಅಂಡಿಗಿ ಬಿಚ್ಚಸ್ರಿ."

ಪೇದೆಯೊಬ್ಬ ಹತ್ತಿಯೊಳಗೆ ಮೊಣಕೈವರೆಗೆ ಕೈ ಇಳಿಸಿ ಲಿವರ್ ಎಳೆದು ತೆಗೆದ. ಅದರ ತುದಿಗೆ ಗುಲಾಬಿ ಎಳೆಯೊಂದು ಸುತ್ತಿಕೊಂಡಿತ್ತು. ಭೀಮಶಿ ತಲೆ ಹಿಡಿದುಕೊಂಡು ಕೂತ.

"ಲಿವರಿನ ಪಿನ್ನು ಸಿಕ್ಕೊಂಡು ಮುಂಜಾನೆ ಹೊರಗ ಬರಲಿಲ್ಲರಿ, ಯಂತ್ರ ಬಿದ್ದ ಪೆಟ್ಟಿಗೆ ಸಡಲಾತು. ಸರ್ಫರಾಜ್ ಅಂದ, ಇದನ್ನ ತಗೀದ ನಾ ಹಾರೂದಿಲ್ಲಂತ. ಒಂದ ಸುತ್ತು, ಮಂದಿ ಕಾಯಾಕತ್ತಾರ ಅಂತ ನಾನ ಒತ್ತಾಯ ಮಾಡಿದೆ."

"ಒತ್ತಾಯಕ್ಕ ಅವನೂ ಮಣಿದ. ಅಷ್ಟು ತಪ್ಪು ಅವನದೂ ಐತಿ," ಎಂದರು ಸುಧಾರಾಣಿ. ಫಾತಿಮಾಬಿ ತಲೆ ತಗ್ಗಿಸಿದಳು.

"ಇನ್ನು ಆ ಸೀಟಿನ ಮಾತು. ಸಾಹುಕಾರ್ರ, ಬಾಜೂಕ ಕೂತವರಿಗೆ ಪೈಲಟ್‌ನ ಕೆನ್ನಿ ಕಾಣತೈತಿ. ಕಾಲರಿನ ಹಿಂದಿನ ಗಂಟು ಕಾಣೂದು ಹಿಂದ ಕೂತವರಿಗೆ. ನೀವು ಕೂತಿದ್ದು ಹಿಂದ. ಈ ರೇಷ್ಮಿ ಕುಚ್ಚು ಹೆಣ್ಣುಮಕ್ಕಳ ಚೀಲದ್ದು. ಉದ್ದ ಪಟ್ಟಿಯ ಚೀಲ, ಕೊರಳಿಗೆ ಅಡ್ಡ ಹಾಕ್ಕೊಳ್ಳೂದು. ಎಡಬಾಗಲಕ್ಕ ಇಳಿಯೂವಾಗ ಪಟ್ಟಿ ಲಿವರ್‌ಗೆ ಸಿಕ್ಕಿತು. ಸರ್ಫರಾಜ್ ಅದನ್ನ ಕಂಡು, ತನ್ನ ಲಿವರ್ ಬಿಟ್ಟು, ಚೀಲ ಹಿಡದ. ಇಳಿಯೂವರು ಅಂಜಿ ಜಗ್ಗಿದ್ರು." ಅವರ ದನಿ ಮೆತ್ತಗಾಯಿತು. "ಮಂಜುಳಾ, ಆ ದುಪಟ್ಟಾ ತಗಿಯವಾ."

"ಅಕಿ ತಂಟೆಕ್ಕ ಹೋಗಬ್ಯಾಡ್ರಿ!" ಬೀರಲಿಂಗ ಅಡ್ಡ ಬಂದರು. "ನನಗ ಇರೂದು ಅಕಿ ಒಬ್ಬಾಕಿ. ಎಲ್ಲಾ ನಾನ ಮಾಡೀನಿ, ಬರಕೊಳ್ರಿ."

ಮಂಜುಳಾ ತಂದೆಯ ಕೈ ಸರಿಸಿ ದುಪಟ್ಟಾ ಬಿಚ್ಚಿದಳು. ಕೊರಳಿನ ಮೇಲೆ ಪಟ್ಟಿ ಕೊರೆದ ಕೆಂಪು ಬರೆ ಓರೆಯಾಗಿ ಇಳಿದಿತ್ತು.

"ಅವರು ಏನೋ ಒದರಾಕತ್ತಿದ್ರು," ಎಂದಳು. "ರೆಕ್ಕಿ ಸಪ್ಪಳಕ್ಕ ಕೇಳಲಿಲ್ಲ. ಬಾಯಿ ಅಷ್ಟ ಕಾಣತಿತ್ತು. ನಂಗ ಅಂಜಿಕಿ ಬಂದು ಜೋರ್ಲೆ ಜಗ್ಗಿದೆ. ನೆಲಾನ ಕಾಲ ಕೆಳಗಿಂದ ಹೋತು." ಅವಳು ದುರ್ಗವ್ವನ ಕಡೆ ತಿರುಗಿದಳು.

"ಗಂಗಪ್ಪ ಗೇಟು ಬಿಟ್ಟು ಅಲ್ಲಿಗೆ ಯಾಕ ಬಂದ?" ಸುಧಾರಾಣಿ ಕೇಳಿದರು.

"ನಾ ಪಟ್ಟಿಗೆ ಜೋತುಬಿದ್ದಿದ್ದೆ. ಗಂಗಪ್ಪ ಕಾಕಾ ಓಡಿ ಬಂದು ಪಟ್ಟಿ ಹರದು, ನನ್ನ ದೂರ ನೂಕಿದ. ಅವನೂ ಓಡತಿದ್ದ. ಅಷ್ಟ್ರಾಗ..."

ಬೀರಲಿಂಗ ಮುಖ ಮುಚ್ಚಿಕೊಂಡರು. ನಿನ್ನೆಯಿಂದ ತನ್ನ ಗಂಡನನ್ನು ಊರೆಲ್ಲ ಹುಚ್ಚ ಅನ್ನುವುದನ್ನು ಕೇಳಿದ್ದ ದುರ್ಗವ್ವ, ಮೆಲ್ಲಗೆ ಎದ್ದು ಮಂಜುಳಾಳ ಮುಂದೆ ನಿಂತಳು. ಹೊಡೆಯುತ್ತಾಳೇನೋ ಎಂದು ಶಬೀನಾ ಒಂದು ಹೆಜ್ಜೆ ಮುಂದಿಟ್ಟಳು. ದುರ್ಗವ್ವ ಹುಡುಗಿಯ ಮಣಿಕಟ್ಟು ಹಿಡಿದಳು.

"ಈಗ ಹೇಳಿದ್ದನ್ನ ಇನ್ನೊಮ್ಮೆ ಹೇಳಬೇಕು ನೀ," ಎಂದಳು. "ಇಲ್ಲಿ ಅಲ್ಲ. ನಡಿ, ಗೇಟಿಗೆ ಹೋಗೂಣು. ಅವರೆಲ್ಲಾರಿಗೂ ಕೇಳೂಹಂಗ ಹೇಳು."

ಮಂಜುಳಾ ಬಿಳಿಚಿಕೊಂಡಳು. ಆದರೂ ಕೈ ಬಿಡಿಸಿಕೊಳ್ಳಲಿಲ್ಲ. ಇಬ್ಬರೂ ಬಿಸಿಲಿಗೆ ಇಳಿದು ನಡೆದರು. ಪೇದೆ ಗೇಟಿನ ಅಗಳಿ ತೆಗೆದ.